ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವಿಕೆ ಪರೀಕ್ಷೆ

ಹಾವು ಕಚ್ಚಿದವರಿಗೆ ಪ್ರತಿವಿಷ ಕೊಡಬೇಕೇ ಎಂದು ವೈದ್ಯರು ನಿರ್ಧರಿಸಲು ನೆರವಾಗುವ, ಪ್ರಯೋಗಾಲಯ ಬೇಡದ ಪರೀಕ್ಷೆ. ಆಗಷ್ಟೇ ತೆಗೆದ 2 ಮಿ.ಲೀ. ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಓರೆ ಮಾಡುತ್ತಾರೆ. ರಕ್ತ ಇನ್ನೂ ಹರಿದರೆ ಕೊಳಕುಮಂಡಲ ಅಥವಾ ಗರಗಸಮಂಡಲದ ವಿಷವೇರಿದೆಯೆಂದು ಭಾರತದಲ್ಲಿ ಸಾಮಾನ್ಯವಾಗಿ ಎಣಿಸಿ ಪ್ರತಿವಿಷ ಶುರು ಮಾಡುತ್ತಾರೆ. 6 ಗಂಟೆಯ ಬಳಿಕ ಮತ್ತೆ ಪರೀಕ್ಷೆ. ನಳಿಕೆ ಪ್ಲಾಸ್ಟಿಕ್ಕಿನದಾದರೆ, ಸೋಪಿನಲ್ಲಿ ತೊಳೆದದ್ದಾದರೆ ಫಲಿತಾಂಶವನ್ನು ನಂಬುವಂತಿಲ್ಲ. ಸುಲಭವಾಗಿ ಎಡವುವುದು ಇಲ್ಲೇ. ರಕ್ತ ಹೆಪ್ಪುಗಟ್ಟಿತೆಂದು ರೋಗಿಯನ್ನು ಮನೆಗೆ ಕಳಿಸಬಾರದು. ಏಕೆಂದರೆ ನಾಗರಹಾವು, ಕಟ್ಟುಹಾವುಗಳ ವಿಷ ತಾಗುವುದು ನರಗಳಿಗೆ. ಆಗ ಗಮನಿಸಬೇಕಾದ್ದು ಜೋತುಬೀಳುವ ಕಣ್ಣುರೆಪ್ಪೆ, ಉಸಿರಾಟ. ಪಶ್ಚಿಮ ಘಟ್ಟದ ಹಂಪ್‌ನೋಸ್ಡ್ ಪಿಟ್ ವೈಪರ್ ಕಚ್ಚಿದಾಗಲೂ ರಕ್ತ ಹೆಪ್ಪುಗಟ್ಟದೆ ಹೋಗಬಹುದು. ಭಾರತದಲ್ಲಿ ಸಿಗುವ ಪ್ರತಿವಿಷ ಅದಕ್ಕೆ ನಾಟುವುದಿಲ್ಲ.