ಹತ್ತು ಜನರಿಲ್ಲದ ಕಡೆ ನ್ಯಾಯ: ಉದ್ಯೋಗಸ್ಥಳದ ಕಿರುಕುಳ, ತಾರತಮ್ಯಗಳ ನಿವಾರಣೆಯ ಸಮೀಕ್ಷೆ

ಕಿರುಕುಳವೂ ತಾರತಮ್ಯವೂ ದೊಡ್ಡ ಕಾರ್ಖಾನೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ನಡೆದಾಗ ಪತ್ರಿಕೆಗಳ ಗಮನಕ್ಕೆ ಬರುವುದುಂಟು. ಆದರೆ ಮೂವರು ದುಡಿಯುವ ಹೊಲಿಗೆಯಂಗಡಿಯಲ್ಲಿ, ಇಬ್ಬರು ಸಹಾಯಕಿಯರಿರುವ ದಂತವೈದ್ಯರ ಚಿಕಿತ್ಸಾಲಯದಲ್ಲಿ, ಒಬ್ಬಳೇ ಟೈಪಿಸ್ಟ್ ಕುಳಿತಿರುವ ವಕೀಲರ ಕಚೇರಿಯಲ್ಲಿ ಅದೇ ಅನ್ಯಾಯ ನಡೆದರೆ ಅದು ನಾಲ್ಕು ಗೋಡೆಗಳನ್ನು ದಾಟಿ ಹೊರಬರುವುದು ದುರ್ಲಭ. ಅಲ್ಲಿ ಸಂಬಳ ಕೊಡುವವನು, ಅಹವಾಲು ಕೇಳಬೇಕಾದವನು, ಅನೇಕ ವೇಳೆ ಆರೋಪಕ್ಕೆ ಗುರಿಯಾಗಬೇಕಾದವನು, ಈ ಮೂವರೂ ಒಬ್ಬನೇ ಆಗಿರುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಾಗ ಯಾರ ಮುಂದೆ ಹೇಳಿಕೊಳ್ಳಬೇಕೆಂಬ ಪ್ರಶ್ನೆಗೆ ನಮ್ಮ ದೇಶದ ನ್ಯಾಯಪದ್ಧತಿ ಕಾಲಕಾಲಕ್ಕೆ ಕೊಡುತ್ತ ಬಂದಿರುವ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1860ರ ಭಾರತ ದಂಡಸಂಹಿತೆಯಲ್ಲಿ 354 ಮತ್ತು 509ನೆಯ ಕಲಮುಗಳಿದ್ದವು. ಅವು ಸ್ತ್ರೀಯ ಮಾನಭಂಗವನ್ನು ಅಪರಾಧವೆಂದು ಗಣಿಸಿದವೇ ಹೊರತು ಆ ಕೃತ್ಯದಿಂದ ಆಕೆಯ ಜೀವನೋಪಾಯಕ್ಕೆ ಒದಗುವ ಧಕ್ಕೆಯನ್ನು ಗಣನೆಗೆ ತಂದುಕೊಳ್ಳಲಿಲ್ಲ. ಪೊಲೀಸು ಠಾಣೆ, ಸಾಕ್ಷ್ಯ, ವರ್ಷಗಟ್ಟಲೆ ವಿಚಾರಣೆ: ಇದೊಂದೇ ಮಾರ್ಗ. ರೂಪನ್ ದೇವಲ್ ಬಜಾಜ್ ಅವರು ಭಾರತೀಯ ಆಡಳಿತ ಸೇವೆಯ ಹಿರಿಯ ಅಧಿಕಾರಿಯಾಗಿದ್ದರೂ, 1988ರಲ್ಲಿ ತಮಗಾದ ಅವಮಾನದ ವಿಷಯದಲ್ಲಿ ಮೊಕದ್ದಮೆ ಮುಂದುವರಿಯತಕ್ಕದ್ದೆಂಬ ಆದೇಶವನ್ನು ಸುಪ್ರೀಂ ಕೋರ್ಟಿನಿಂದ ಪಡೆಯುವ ಹೊತ್ತಿಗೆ 1995 ಬಂದಿತ್ತು. ಅಧಿಕಾರವೂ ವಿದ್ಯೆಯೂ ಇದ್ದವರಿಗೆ ಇಷ್ಟು ದೀರ್ಘವಾದ ದಾರಿ ದಿನಗೂಲಿಯವಳ ಪಾಲಿಗೆ ಇದ್ದೂ ಇಲ್ಲದಂತೆಯೇ ಆಗಿತ್ತು.

ತಾರತಮ್ಯದ ವಿರುದ್ಧದ ಕಾನೂನು ಬೇರೊಂದು ಪ್ರವಾಹವಾಗಿ ಹರಿಯಿತು. ಸಂವಿಧಾನದ 14, 15 ಮತ್ತು 16ನೆಯ ಅನುಚ್ಛೇದಗಳು ಸಮಾನತೆಯ ತತ್ತ್ವವನ್ನು ಸ್ಥಾಪಿಸಿದವು. ಅಸ್ಪೃಶ್ಯತೆಯ ನೆವದಿಂದ ಯಾರನ್ನೂ ಉದ್ಯೋಗದಿಂದ ದೂರವಿಡಕೂಡದೆಂದು 1955ರ ಅಧಿನಿಯಮ ವಿಧಿಸಿತು. ಈ ಪ್ರವಾಹದಲ್ಲಿ ಕನ್ನಡನಾಡಿಗೆ ಹೆಮ್ಮೆ ತರುವ ಹೆಸರು ಕೊಡಗಿನ ಸಿ.ಬಿ. ಮುತ್ತಮ್ಮ ಅವರದು. ವಿದೇಶಾಂಗ ಸೇವೆಯ ಪ್ರಥಮ ಮಹಿಳೆಯಾಗಿದ್ದ ಅವರು, ಮದುವೆಯಾಗುವ ಮುನ್ನ ಸರ್ಕಾರದ ಅಪ್ಪಣೆ ಬೇಡಬೇಕು, ಮದುವೆಯ ಬಳಿಕ ಬೇಕೆಂದರೆ ರಾಜೀನಾಮೆಯನ್ನೂ ಕೊಡಬೇಕು ಎಂದು ಮಹಿಳಾ ಅಧಿಕಾರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದ ನಿಯಮಗಳನ್ನೂ, ತಮಗೆ ಬಡ್ತಿ ನಿರಾಕರಿಸಿದ್ದನ್ನೂ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಅಷ್ಟರಲ್ಲಿ ಬಡ್ತಿ ದೊರೆತಿದ್ದುದರಿಂದ ಅರ್ಜಿ ಔಪಚಾರಿಕವಾಗಿ ವಜಾ ಆದರೂ, 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಸೇವಾನಿಯಮಗಳಲ್ಲಿ ಅಡಗಿರುವ ಪಕ್ಷಪಾತವನ್ನೆಲ್ಲ ತೊಡೆದುಹಾಕಬೇಕೆಂದು ಸರ್ಕಾರಕ್ಕೆ ಕಟುವಾಗಿಯೇ ಹೇಳಿದರು. ಮೊದಲ ಗರ್ಭಧಾರಣೆಯೊಡನೆ ಗಗನಸಖಿಯನ್ನು ಕೆಲಸದಿಂದ ತೆಗೆಯುವ ನಿಯಮ 1981ರಲ್ಲಿ ಬಿದ್ದುಹೋಯಿತು. ಪುರುಷ ಸ್ಟೆನೋಗ್ರಾಫರುಗಳಿಗಿಂತ ಕಡಿಮೆ ಸಂಬಳ ಪಡೆಯುತ್ತಿದ್ದ ಮಹಿಳೆಯರ ಪರವಾದ ತೀರ್ಪು 1987ರಲ್ಲಿ ಬಂದಿತು. ಆದರೆ ಇವೆಲ್ಲವೂ ಸರ್ಕಾರದ ಅಥವಾ ದೊಡ್ಡ ಸಂಸ್ಥೆಗಳ ಅಂಗಳದಲ್ಲಿ ದೊರೆತ ಜಯಗಳು. 1961ರ ಪ್ರಸೂತಿ ಸೌಲಭ್ಯ ಕಾಯಿದೆ ಕೂಡ ಹತ್ತು ಮಂದಿ ದುಡಿಯುವ ಅಂಗಡಿಯ ಹೊಸ್ತಿಲಲ್ಲೇ ನಿಂತಿತು. ಹತ್ತು ಎಂಬ ಈ ಗೆರೆ ನಮ್ಮ ಶ್ರಮಿಕ ಕಾನೂನಿನಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುವುದನ್ನು ಓದುಗರು ಗಮನಿಸಬೇಕು.

ಈ ಎರಡು ಪ್ರವಾಹಗಳನ್ನು ಒಂದುಗೂಡಿಸಿದ ಪ್ರಕರಣ ಹುಟ್ಟಿದ್ದು ಮಾತ್ರ ಯಾವ ಕಚೇರಿಯಲ್ಲೂ ಅಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ. ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಗೌರವಧನಕ್ಕೆ ದುಡಿಯುತ್ತಿದ್ದ ಭಂವರಿ ದೇವಿ ಅವರು ಕರ್ತವ್ಯದ ಅಂಗವಾಗಿ ಶಿಶುವಿವಾಹವೊಂದನ್ನು ತಡೆಯಲು ಹೋಗಿ ಊರಿನ ಪ್ರಬಲರ ದ್ವೇಷಕ್ಕೆ ಗುರಿಯಾದರು. ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು 1992ರಲ್ಲಿ ಅವರು ಕೊಟ್ಟ ದೂರಿನ ವಿಚಾರಣೆಯಲ್ಲಿ ಆರೋಪಿಗಳು 1995ರಲ್ಲಿ ಆ ಆರೋಪದಿಂದ ಬಿಡುಗಡೆ ಹೊಂದಿದರು. ಕೆಲಸ ಮಾಡಿದ್ದಕ್ಕಾಗಿಯೇ ವಿಪತ್ತಿಗೀಡಾದವಳಿಗೆ ರಕ್ಷಣೆ ಕೊಡಬೇಕಾದ ಹೊಣೆ ಯಾರದೆಂಬ ಪ್ರಶ್ನೆಯನ್ನು ವಿಶಾಖಾ ಮೊದಲಾದ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಒಯ್ದವು. 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠವು, ಭಾರತವು 1993ರಲ್ಲಿ ಅನುಮೋದಿಸಿದ್ದ ಮಹಿಳಾ ತಾರತಮ್ಯ ನಿರ್ಮೂಲನ ಒಡಂಬಡಿಕೆಯನ್ನು ಸಂವಿಧಾನದೊಡನೆ ಸಮನ್ವಯಗೊಳಿಸಿ, ಲೈಂಗಿಕ ಕಿರುಕುಳವು ಸಮಾನತೆಯ, ಜೀವಿಸುವ ಹಾಗೂ ವೃತ್ತಿ ನಡೆಸುವ ಹಕ್ಕುಗಳ ಉಲ್ಲಂಘನೆಯೆಂದು ಸಾರಿತು; ಶಾಸನವಾಗುವವರೆಗೆ ಪಾಲಿಸತಕ್ಕ ಮಾರ್ಗಸೂಚಿಗಳನ್ನೂ ತಾನೇ ವಿಧಿಸಿತು. ಮಾನವೆಂಬ ಹಳೆಯ ಭಾವನೆಯ ಸ್ಥಾನದಲ್ಲಿ ಹಕ್ಕೆಂಬ ಹೊಸ ಭಾವನೆ ನೆಲೆಗೊಂಡದ್ದು ಅಂದು.

ಅಲ್ಲಿಂದ ಶಾಸನದವರೆಗಿನ ಹಾದಿ ಹದಿನಾರು ವರ್ಷಗಳಷ್ಟು ಉದ್ದವಾಯಿತು. ದೈಹಿಕ ಸ್ಪರ್ಶ ನಡೆಯದಿದ್ದರೂ ಕಿರುಕುಳವು ಕಿರುಕುಳವೇ ಎಂದು 1999ರ ತೀರ್ಪೊಂದು ಸ್ಪಷ್ಟಪಡಿಸಿತು. ಮಾರ್ಗಸೂಚಿಗಳು ಕಾಗದದಲ್ಲೇ ಉಳಿದಿವೆಯೆಂದು 2012ರಲ್ಲಿ ನ್ಯಾಯಾಲಯವೇ ವ್ಯಥೆಪಟ್ಟಿತು. ಆ ವರ್ಷದ ಡಿಸೆಂಬರಿನ ದೆಹಲಿಯ ಸಾಮೂಹಿಕ ಅತ್ಯಾಚಾರದ ಅನಂತರ ಅದೇ ವರ್ಮಾ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿಯು, ಸಂಸ್ಥೆಯೊಳಗಿನ ಸಮಿತಿಗಳು ಮನೆಯ ಮಾತನ್ನು ಮನೆಯಲ್ಲೇ ಮುಚ್ಚಿಡಲು ನೆವವಾದಾವೆಂದು ಶಂಕಿಸಿ, ಸ್ವತಂತ್ರವಾದ ನ್ಯಾಯಾಧಿಕರಣವನ್ನು ಸೂಚಿಸಿತು. ಆ ಸೂಚನೆ ಅಂಗೀಕೃತವಾಗಲಿಲ್ಲ. ಉದ್ಯೋಗಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಅಧಿನಿಯಮವು ಡಿಸೆಂಬರ್ 9ರಂದು ಜಾರಿಗೆ ಬಂದಾಗ, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ, ಅದಕ್ಕಿಂತ ಕಡಿಮೆಯಿರುವ ಕಡೆಗೂ ಮಾಲೀಕನ ಮೇಲೆಯೇ ದೂರಿರುವ ಸಂದರ್ಭಕ್ಕೂ ಜಿಲ್ಲೆಗೊಂದು ಸ್ಥಳೀಯ ಸಮಿತಿ, ಎಂಬ ಎರಡು ಕವಲುಗಳು ಏರ್ಪಟ್ಟವು. ಹತ್ತರ ಗೆರೆಯ ಈಚೆಗಿರುವವರನ್ನು ಕಾನೂನು ಕೈಬಿಡದೆ ಅವರಿಗೂ ಒಂದು ಬಾಗಿಲನ್ನು ತೆರೆಯಿತು.

ಆ ಬಾಗಿಲಿನ ಒಳಗೆ ಏನಿದೆಯೆಂಬುದನ್ನು ಕೊಂಚ ಸಮೀಪದಿಂದ ನೋಡಬೇಕು. ತಾಲ್ಲೂಕು ಕೇಂದ್ರದ ಸಣ್ಣ ಚಿಕಿತ್ಸಾಲಯವೊಂದರಲ್ಲಿ ಚೀಟಿ ಬರೆಯುವ ಕೆಲಸದ ಹುಡುಗಿಗೆ ವೈದ್ಯನಿಂದಲೇ ಕಿರುಕುಳವಾಗಿದೆಯೆಂದು ಭಾವಿಸೋಣ. ಅವಳ ಬಳಿ ನೇಮಕಾತಿ ಪತ್ರವಿಲ್ಲದಿದ್ದರೂ ಚಿಂತೆಯಿಲ್ಲ; ದಿನಗೂಲಿಯವಳು, ತರಬೇತಿಯವಳು, ಸಂಬಳವಿಲ್ಲದೆ ದುಡಿಯುವವಳು, ಎಲ್ಲರೂ ಅಧಿನಿಯಮದ ವ್ಯಾಪ್ತಿಗೆ ಸೇರಿದವರೇ. ಘಟನೆ ನಡೆದ, ಇಲ್ಲವೇ ಸರಣಿಯಲ್ಲಿ ಕೊನೆಯದು ನಡೆದ ಮೂರು ತಿಂಗಳೊಳಗೆ ಅವಳು ಲಿಖಿತವಾಗಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶವಿದೆ. ಬರೆಯಲಾರದವಳಿಗೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ತಾಲ್ಲೂಕಿನ ನೋಡಲ್ ಅಧಿಕಾರಿ ದೂರನ್ನು ಸ್ವೀಕರಿಸಿ ಏಳು ದಿನಗಳೊಳಗೆ ಸಮಿತಿಗೆ ಕಳುಹಿಸಬೇಕು. ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಎರಡೂ ಪಕ್ಷದವರು ವಕೀಲರನ್ನು ತರುವಂತಿಲ್ಲ. ಅವಳು ಬಯಸಿದರೆ ರಾಜಿ ಆಗಬಹುದು, ಆದರೆ ಹಣ ಕೊಟ್ಟು ಬಾಯಿ ಮುಚ್ಚಿಸುವ ರಾಜಿ ಸಲ್ಲದು. ದೂರು ಸಾಬೀತಾದರೆ ವಿಧಿಸಿದ ಪರಿಹಾರವನ್ನು ಕೊಡದೆ ಉಳಿದವನಿಂದ ಭೂಕಂದಾಯದ ಬಾಕಿಯಂತೆ ಅದನ್ನು ವಸೂಲು ಮಾಡಬಹುದು. ಸಾಕ್ಷ್ಯ ಸಾಲದೆ ದೂರು ಬಿದ್ದುಹೋದ ಮಾತ್ರಕ್ಕೆ ಅದು ಸುಳ್ಳು ದೂರೆನಿಸುವುದಿಲ್ಲ. ಇವೆಲ್ಲ ಭಯಗ್ರಸ್ತಳಾದವಳಿಗೆ ತಿಳಿದಿರಬೇಕಾದ ಸಂಗತಿಗಳು. ದುರ್ದೈವದಿಂದ ಅವಳಿಗೆ ತಿಳಿಯದಿರುವವೂ ಇವೇ.

ಕೊರತೆಗಳನ್ನೂ ಮರೆಮಾಡಲಾಗದು. ವಿಚಾರಣೆಯ ಕಾಲದಲ್ಲಿ ದೂರುದಾರಳಿಗೆ ವರ್ಗಾವಣೆ ಅಥವಾ ಮೂರು ತಿಂಗಳವರೆಗಿನ ರಜೆಯನ್ನು ಕಾನೂನು ಕಲ್ಪಿಸಿದೆ. ಆದರೆ ಒಂದೇ ಮೇಜಿರುವ ಅಂಗಡಿಯಲ್ಲಿ ವರ್ಗಾವಣೆ ಎಲ್ಲಿಗೆ? ಮನೆಗೆಲಸದವಳ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳು ಕಂಡರೆ ಸಮಿತಿ ಅದನ್ನು ಪೊಲೀಸರಿಗೆ ಒಪ್ಪಿಸಬೇಕೆಂಬ ವಿಧಿಯಿರುವುದರಿಂದ, ಠಾಣೆಗೆ ಹೋಗಲಂಜಿ ಬಂದವಳು ಮತ್ತೆ ಠಾಣೆಗೇ ಸೇರುತ್ತಾಳೆ. ಜಾತಿನಿಂದನೆಗೆ 1989ರ ಅಧಿನಿಯಮ, ಅಂಗವಿಕಲರಿಗೆ 2016ರದು, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರದು, ಹೀಗೆ ತಾರತಮ್ಯದ ದೂರುಗಳಿಗೆ ಬೇರೆಬೇರೆ ದಾರಿಗಳಿವೆ. ಮಹಿಳೆಯೂ ದಲಿತಳೂ ಆದವಳಿಗೆ ಒಂದೇ ನೋವಿಗಾಗಿ ಎರಡು ಕಡೆ ಅಲೆದಾಟ. ಎಲ್ಲಕ್ಕಿಂತ ಮಿಗಿಲಾದ ಕೊರತೆ ಅನುಷ್ಠಾನದ್ದು. ಶಾಸನಕ್ಕೆ ದಶಕ ತುಂಬುವ ಹೊತ್ತಿಗೆ, 2023ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟು ಅದರ ದುಃಸ್ಥಿತಿಯನ್ನು ಕುರಿತು ಕಳವಳ ವ್ಯಕ್ತಪಡಿಸಬೇಕಾಯಿತು. 2024ರ ಡಿಸೆಂಬರಿನಲ್ಲಿ, ಜಿಲ್ಲೆಗಳಲ್ಲಿ ಈ ಶಾಸನದ ಹೊಣೆಯ ಅಧಿಕಾರಿಗಳನ್ನು ಅದೇ ತಿಂಗಳೊಳಗೆ ನೇಮಿಸಿ, ಸ್ಥಳೀಯ ಸಮಿತಿಗಳನ್ನು 2025ರ ಜನವರಿಯೊಳಗೆ ರಚಿಸತಕ್ಕದ್ದೆಂದು ಗಡುವು ಹಾಕಬೇಕಾಯಿತು. ಹನ್ನೊಂದು ವರ್ಷ ಹಳೆಯದಾದ ಕಾನೂನಿಗೆ ಗಡುವು ಬೇಕಾಯಿತೆಂದರೆ, ಸಣ್ಣ ಉದ್ಯೋಗಸ್ಥಳದ ಹೆಣ್ಣುಮಗಳು ಎಷ್ಟು ಕಾಲ ಹೆಸರಿಗೆ ಮಾತ್ರ ರಕ್ಷಿತಳಾಗಿದ್ದಳೆಂಬುದು ಊಹಿಸತಕ್ಕದ್ದೇ.

ನಿವಾರಣೆಯ ಮಾತಿಗೆ ಬಂದರೆ, ಸುರಕ್ಷಿತವಾದ ವಾತಾವರಣವನ್ನು ಕಲ್ಪಿಸುವ ಹೊಣೆಯಿಂದ ಯಾವ ಸಣ್ಣ ಮಾಲೀಕನೂ ಮುಕ್ತನಲ್ಲ. ಸಂಬಳವನ್ನು ಲೆಕ್ಕಕ್ಕೆ ಹಿಡಿದು ಕೊಡುವುದು, ಸಂಜೆಯ ಹೊತ್ತು ಒಬ್ಬಳನ್ನೇ ಅಂಗಡಿಯಲ್ಲಿ ಉಳಿಸಿಕೊಳ್ಳದಿರುವುದು, ಗಿರಾಕಿಯ ದುರ್ವರ್ತನೆಯನ್ನು ವ್ಯಾಪಾರದ ಹೆದರಿಕೆಯಿಂದ ಸಹಿಸದಿರುವುದು, ಇವಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಸರ್ಕಾರದ ಪಾಲಿನದು ಇನ್ನೂ ಸುಲಭ: ಪುರಸಭೆಯೋ ಗ್ರಾಮಪಂಚಾಯತಿಯೋ ವ್ಯಾಪಾರದ ಪರವಾನಗಿಯನ್ನು ನವೀಕರಿಸುವಾಗಲೆಲ್ಲ, ಜಿಲ್ಲೆಯ ಸ್ಥಳೀಯ ಸಮಿತಿಯ ವಿಳಾಸ, ದೂರವಾಣಿ ಸಂಖ್ಯೆ, ತಾಲ್ಲೂಕಿನ ನೋಡಲ್ ಅಧಿಕಾರಿಯ ಹೆಸರು ಇವುಗಳನ್ನು ಮುದ್ರಿಸಿದ ಕನ್ನಡದ ಫಲಕವೊಂದನ್ನು ಅಂಗಡಿಯ ಗೋಡೆಗೆ ಹಾಕಿಸಬಹುದು.

ಭಟೇರಿಯ ಏಕಾಕಿ ಶ್ರಮಿಕಳ ಸಂಕಟದಿಂದ ಹುಟ್ಟಿದ ಈ ಕಾನೂನು, ಮೊದಲು ಸಮಿತಿಗಳುಳ್ಳ ದೊಡ್ಡ ಕಚೇರಿಗಳನ್ನು ಸೇರಿ, ಅವಳಂತೆ ಒಂಟಿಯಾಗಿ ದುಡಿಯುವವರನ್ನು ಕೊನೆಗೆ ಮುಟ್ಟುತ್ತಿರುವುದು ನಮ್ಮ ಪ್ರಗತಿಯ ದೊಡ್ಡ ವಿಪರ್ಯಾಸ. ಹತ್ತರ ಒಳಗಿನ ಸಂಖ್ಯೆಯಲ್ಲಿ ದುಡಿಯುವವಳಿಗೆ ನ್ಯಾಯ ಹೊರಗಿನಿಂದಲೇ ಬರಬೇಕು. ಆ ಹೊರಗಿನ ಸಮಿತಿ ಜೀವಂತವಾಗಿರುವುದೂ, ಅದು ಇದೆಯೆಂಬುದು ಅವಳಿಗೆ ಗೊತ್ತಿರುವುದೂ ನಿಶ್ಚಿತವಾಗುವವರೆಗೆ ಈ ಕ್ಷೇತ್ರದ ಬೆಳವಣಿಗೆ ಪೂರ್ಣವಾಯಿತೆಂದು ಯಾರೂ ಹೇಳಕೂಡದು.