ಮೇಣದಡಿಯ ನೀಲಿ

ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ ಸತ್ತವರ ಮುಖವನ್ನು ಮರದ ಹಲಗೆಯ ಮೇಲೆ ಬರೆಸಿ, ಮಮ್ಮಿಯ ಮುಖದ ಭಾಗದಲ್ಲಿಟ್ಟು ಬಟ್ಟೆ ಸುತ್ತುವ ರೂಢಿಯಿತ್ತು. ಕ್ರಿ.ಶ. 1ರಿಂದ 3ನೆಯ ಶತಮಾನದವರೆಗಿನ ಇಂಥ ಸುಮಾರು 900 ಚಿತ್ರಗಳು ಉಳಿದಿವೆ. ಫಯೂಮ್ ಪ್ರಾಂತ್ಯದಲ್ಲಿ ಹೆಚ್ಚಾಗಿ ಸಿಕ್ಕಿದ್ದರಿಂದ ಅವು ಫಯೂಮ್ ಚಿತ್ರಗಳೆಂದೇ ಪ್ರಸಿದ್ಧ. ಹಲವನ್ನು ಬರೆದಿರುವುದು ಎನ್‌ಕಾಸ್ಟಿಕ್ ವಿಧಾನದಲ್ಲಿ: ಕರಗಿದ ಜೇನುಮೇಣಕ್ಕೆ ಬಣ್ಣದ ಪುಡಿ ಬೆರೆಸಿ, ಬಿಸಿಯಿರುವಾಗಲೇ ಬಳಿಯುವುದು.

ಈ ಮುಖಗಳು ಯಾರವು? ಟಾಲೆಮಿ ದೊರೆಗಳು ಫಯೂಮಿನಲ್ಲಿ ಗ್ರೀಕ್ ಸೈನಿಕರಿಗೆ ಜಮೀನು ಕೊಟ್ಟು ನೆಲೆಗೊಳಿಸಿದ್ದರು. ಅವರು ಸ್ಥಳೀಯರೊಂದಿಗೆ ಬೆರೆತರು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಹೆಸರು ಗ್ರೀಕ್, ಕೇಶಶೈಲಿ ರೋಮನ್, ಅಂತ್ಯಸಂಸ್ಕಾರ ಈಜಿಪ್ಟಿನದು. ಊರು ಬಿಟ್ಟು ಬಂದ ನಮಗೆ ಈ ಬೆರಕೆ ವಿಚಿತ್ರವೆನಿಸಲಾರದು.

ಹಳೆಯ ಗ್ರೀಕ್ ಗುರುಗಳು ಬಿಳಿ, ಹಳದಿ, ಕೆಂಪು, ಕಪ್ಪು ಎಂಬ ನಾಲ್ಕೇ ಬಣ್ಣಗಳಲ್ಲಿ ಬರೆದರೆಂದು ಪ್ಲಿನಿ ಹೇಳುತ್ತಾನೆ. ಫಯೂಮಿನ ಎಷ್ಟೋ ಮುಖಗಳೂ ಬರಿಗಣ್ಣಿಗೆ ಹಾಗೆಯೇ ಕಾಣುತ್ತವೆ. ಆದರೆ ಟೆಬ್ಟುನಿಸ್‌ನಲ್ಲಿ ಸಿಕ್ಕ ಚಿತ್ರಗಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಹರ್ಸ್ಟ್ ಮ್ಯೂಸಿಯಂನ ಸಂಶೋಧಕರು ಪರೀಕ್ಷಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. 2015ರಲ್ಲಿ ಅವರು ತಿಳಿಸಿದಂತೆ, ಕೆಲವು ಚಿತ್ರಗಳ ಅಡಿಯ ರೇಖೆಗಳಲ್ಲೂ ಬೇರೆ ಬಣ್ಣಗಳ ಮಿಶ್ರಣದಲ್ಲೂ ನೀಲಿ ಅಡಗಿತ್ತು. ಅದರ ಗುಟ್ಟು ಬಿಟ್ಟುಕೊಟ್ಟಿದ್ದು ಅದರದೇ ಗುಣ. ಈ ನೀಲಿಯ ಮೇಲೆ ಸಾಮಾನ್ಯ ಬೆಳಕು ಬಿದ್ದರೆ, ಅದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೂಸುತ್ತದೆ. ತಕ್ಕ ಕ್ಯಾಮೆರಾದಲ್ಲಿ ಅದರ ಒಂದೊಂದು ಕಣವೂ ಹೊಳೆಯುತ್ತದೆ.

ಇದು ಈಜಿಪ್ಟ್ ನೀಲಿ, ಮನುಷ್ಯ ತಯಾರಿಸಿದ ಮೊದಲ ಕೃತಕ ಬಣ್ಣವೆಂದು ಹೆಸರಾದದ್ದು. ನಿಜವಾದ ನೀಲಿಕಲ್ಲು, ಲ್ಯಾಪಿಸ್ ಲಾಜುಲಿ, ದೂರದ ಅಫ್ಘಾನಿಸ್ತಾನದಿಂದ ಬರಬೇಕಿತ್ತು. ಅದಕ್ಕೆ ಬದಲಾಗಿ ಈಜಿಪ್ಟಿನವರು ಮರಳು, ಸುಣ್ಣ, ತಾಮ್ರ, ಕ್ಷಾರಗಳನ್ನು 850ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿದರು. ಅಳತೆ ಮತ್ತು ಶಾಖ ಬದಲಾದರೆ ನೀಲಿಯ ಬದಲು ಹಸಿರುನೀಲಿ ಬರುತ್ತಿತ್ತು. ಎಲ್ಲವೂ ಹದದ ಮೇಲೆ ನಿಂತಿತ್ತು.

ಈ ಪಾಕವನ್ನು ಬರೆದಿಟ್ಟವನು ಕ್ರಿ.ಪೂ. 1ನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್. ಮರಳನ್ನೂ ಕ್ಷಾರವನ್ನೂ ಹಿಟ್ಟಿನಂತೆ ಅರೆದು, ಅರದಿಂದ ಉಜ್ಜಿದ ತಾಮ್ರದ ಪುಡಿ ಬೆರೆಸಿ, ಉಂಡೆ ಕಟ್ಟಿ, ಒಣಗಿಸಿ, ಮಡಕೆಯಲ್ಲಿಟ್ಟು ಕುಲುಮೆಗೆ ಹಾಕಬೇಕು. ಓದಿದರೆ ಈಗಲೇ ಮಾಡಬಹುದು ಅನಿಸುತ್ತದೆ. ಆದರೆ ಸುಣ್ಣದ ಹೆಸರೇ ಅಲ್ಲಿಲ್ಲ. ಅದಿಲ್ಲದೆ ಈ ನೀಲಿ ಹುಟ್ಟುವುದೇ ಇಲ್ಲ. ಬಳಸುತ್ತಿದ್ದ ಮರಳಿನಲ್ಲೇ ಸುಣ್ಣದಂಶ ಇದ್ದಿರಬೇಕೆಂಬುದು ವಿದ್ವಾಂಸರ ಊಹೆ. ಪ್ರಾಜೆಕ್ಟುಗಳ ಹ್ಯಾಂಡೋವರ್ ದಾಖಲೆಗಳನ್ನು ಓದಿ ಓದಿ ಸುಸ್ತಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎಲ್ಲರಿಗೂ ಗೊತ್ತು ಎಂದುಕೊಂಡ ಹೆಜ್ಜೆಯನ್ನೇ ಯಾರೂ ಬರೆಯುವುದಿಲ್ಲ.

ಪಶ್ಚಿಮದ ರೋಮನ್ ಸಾಮ್ರಾಜ್ಯ ಕುಸಿದ ಮೇಲೆ ಈ ನೀಲಿ ಕ್ರಮೇಣ ವಿರಳವಾಗಿ, ಹೆಚ್ಚುಕಡಿಮೆ ಮರೆತೇಹೋಯಿತು. ವಿಟ್ರುವಿಯಸ್‌ನ ಪುಸ್ತಕ ಉಳಿಯಿತು, ಉಂಡೆ ಕಟ್ಟುವ ಕೈಗಳು ಉಳಿಯಲಿಲ್ಲ. 1815ರಲ್ಲಿ ಹಂಫ್ರಿ ಡೇವಿ ಪ್ರಾಚೀನ ಬಣ್ಣಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿದ. ಇದು ಕ್ಯಾಲ್ಸಿಯಂ ತಾಮ್ರ ಸಿಲಿಕೇಟ್ ಎಂದು ಖಚಿತವಾಗಿ ಗುರುತಿಸಿದ್ದು 1889ರಲ್ಲಿ, ಫ್ರಾನ್ಸಿನ ಫೂಕೆ.

ಇಂದಿನ ಎನ್‌ಕಾಸ್ಟಿಕ್ ಕಲಾವಿದರು ಬಳಸುವ ಗಾಢ ನೀಲಿ ಮತ್ತು ಹಸಿರು ಹೆಚ್ಚಾಗಿ ಥ್ಯಾಲೋಸಯನಿನ್ ಬಣ್ಣಗಳು. ಬಣ್ಣದ ಲೇಬಲ್ಲಿನಲ್ಲಿ ಪಿಬಿ 15, ಪಿಜಿ 7 ಎಂದಿರುತ್ತದೆ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಕಾರ್ಖಾನೆಯಲ್ಲಿ ಪಾತ್ರೆಯೊಂದರ ಒಳಲೇಪ ಬಿರುಕು ಬಿಟ್ಟು, ಅಡಿಯ ಕಬ್ಬಿಣ ತಾಗಿ, ತಯಾರಾಗುತ್ತಿದ್ದ ಬಿಳಿ ಪದಾರ್ಥದಲ್ಲಿ ಹಸಿರುನೀಲಿ ಕಲ್ಮಶ ಕಾಣಿಸಿಕೊಂಡಿತು. ಅಲ್ಲಿದ್ದವರು ಅದನ್ನು ಚೆಲ್ಲದೆ ಪರೀಕ್ಷಿಸಿದರು. ಲಂಡನ್ನಿನ ಲಿನ್‌ಸ್ಟೆಡ್ ಅದರ ರಚನೆಯನ್ನು ಬಿಡಿಸಿ ಪ್ರಕಟಿಸಿದ. ಕಬ್ಬಿಣದ ಜಾಗಕ್ಕೆ ತಾಮ್ರ ಬಂದು, 1935ರಲ್ಲಿ ಆ ನೀಲಿ ಮಾರುಕಟ್ಟೆಗೆ ಇಳಿಯಿತು.

ಎರಡು ನೀಲಿಗಳಲ್ಲೂ ಇರುವುದು ತಾಮ್ರವೇ. ಆದರೆ ಎರಡನೆಯದರ ಪ್ರತಿ ಪರಮಾಣುವಿಗೂ ಲೆಕ್ಕವಿದೆ. ಮೊದಲನೆಯದನ್ನು ಬೇಯಿಸಿದವರ ಹೆಸರು ನಮಗೆ ಗೊತ್ತಿಲ್ಲ. ಅವರ ಕೈಯ ಹದ ಮಾತ್ರ ಆ ವಲಸಿಗರ ಮೊಮ್ಮಕ್ಕಳ ಮುಖಗಳಲ್ಲಿ, ಮೇಣದ ಅಡಿಯಲ್ಲಿ ಉಳಿದುಕೊಂಡಿದೆ.