ಶುಶ್ರೂಷಾವಿದ್ಯೆಯೂ ಸಂಶೋಧನಾಶ್ರಯವೂ

ರೋಗಿಗಳ ಆರೈಕೆಯನ್ನು ಕುರಿತ ವಿದ್ಯೆಗೆ ಕನ್ನಡದಲ್ಲಿ ಶುಶ್ರೂಷೆಯೆಂಬ ಹೆಸರು ರೂಢಿಯಾಗಿದೆ. ಈ ಶಬ್ದವು ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪದಿಂದ ಹುಟ್ಟಿದುದು. ಕೇಳಬೇಕೆಂಬ ಬಯಕೆಯೇ ಇದರ ಮೂಲಾರ್ಥ. ಗುರುವಿನ ಮಾತನ್ನು ಕೇಳಲಿಚ್ಛಿಸುವವನು ಅವನ ಸೇವೆಯನ್ನೂ ಮಾಡುವನಾದುದರಿಂದ ಸೇವೆಯೆಂಬ ಅರ್ಥವೂ, ಅನಂತರ ರೋಗಿಯ ಸೇವೆಯೆಂಬ ಅರ್ಥವೂ ಇದಕ್ಕೆ ಒದಗಿದುವು.

ಚಿತ್ರದುರ್ಗದ ಸೀಮೆಗೆ ಈ ಶಬ್ದವು ಹೊಸತಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನವು ತಾಯಿತಂದೆಗಳ ಶುಶ್ರೂಷೆ ಮಾಡತಕ್ಕುದೆಂದು ಪ್ರಾಕೃತದಲ್ಲಿ ವಿಧಿಸುತ್ತದೆ. ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೋರಿ ಬಳಿಕ ಆಜ್ಞೆಯನ್ನು ತಿಳಿಸಬೇಕೆಂಬ ಮಾತೂ ಅದರ ಆರಂಭದಲ್ಲಿದೆ. ಆದರೆ ಇಲ್ಲಿಯ ಶುಶ್ರೂಷೆಯು ವಿಧೇಯತೆಯೇ ಹೊರತು ಚಿಕಿತ್ಸಾಂಗವಲ್ಲ. ಇಷ್ಟರಿಂದಲೇ ಅಲ್ಲಿ ವೈದ್ಯಶಾಲೆಯಿತ್ತೆಂದು ಊಹಿಸುವುದು ಸಲ್ಲದು.

ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚಗಳೆಂಬ ಗುಣಗಳನ್ನು ವಿಧಿಸಿದೆ. ಇವುಗಳಲ್ಲಿ ಜ್ಞಾನವೇ ಮೊದಲು ಬಂದಿರುವುದು ಗಮನಾರ್ಹ. ಆದರೂ 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಕನ್ನಡ ಗ್ರಂಥಗಳು ವೈದ್ಯನ ದೃಷ್ಟಿಯಿಂದಲೇ ರಚಿತವಾದುವು. ಹಗಲಿರುಳು ರೋಗಿಯ ಮಗ್ಗುಲಲ್ಲಿದ್ದವರ ಅನುಭವವು ಬಹುಮಟ್ಟಿಗೆ ಬಾಯಿಮಾತಿನಲ್ಲಿ ಉಳಿದು ಅವರೊಡನೆಯೇ ಅಳಿಯಿತು.

ವಿದ್ಯೆಗೂ ಆರೈಕೆಗೂ ಒಂದೇ ಆಶ್ರಯ ದೊರೆತುದಕ್ಕೆ ನಿದರ್ಶನವಿಲ್ಲದಿಲ್ಲ. ಬಳ್ಳಿಗಾವೆಯ ಕೋಡಿಮಠದ ಕ್ರಿ. ಶ. 1162ರ ಶಾಸನವು ಆ ಮಠವನ್ನು ವೇದ, ವ್ಯಾಕರಣ, ದರ್ಶನ, ಪುರಾಣಗಳ ವ್ಯಾಖ್ಯಾನಸ್ಥಾನವೆಂದೂ, ದೀನರಿಗೂ ಅಂಧಬಧಿರರಿಗೂ ಅನ್ನವಿಕ್ಕುವ ಎಡೆಯೆಂದೂ, ಅನಾಥ ರೋಗಿಗಳ ಭೈಷಜ್ಯಸ್ಥಾನವೆಂದೂ ವರ್ಣಿಸುತ್ತದೆ. ಬಿಜ್ಜಳನ ಕಾಲದ ಈ ದತ್ತಿಯನ್ನು ಪಡೆದವನು ಆಚಾರ್ಯ ವಾಮಶಕ್ತಿ. ಶಿಷ್ಯರೇ ರೋಗಿಗಳನ್ನು ಉಪಚರಿಸಿದರೆಂದು ಶಾಸನವು ಹೇಳದಿದ್ದರೂ, ಪಾಠಕ್ಕೂ ಚಿಕಿತ್ಸೆಗೂ ದತ್ತಿಯು ಒಂದೇ ಆಗಿದ್ದುದು ಸ್ಪಷ್ಟ.

ಆಧುನಿಕ ಭಾರತದಲ್ಲಿ ಶುಶ್ರೂಷೆಯು ಪದವಿಯ ವಿದ್ಯೆಯಾದುದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರುಗಳಲ್ಲಿ. ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನವು ಜಾರಿಗೆ ಬಂದಿತು. ಕರ್ಣಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಚಿತ್ರದುರ್ಗದ ಶುಶ್ರೂಷಾ ಕಾಲೇಜುಗಳು ಅದರ ಆಶ್ರಯಕ್ಕೆ ಸೇರಿದುವು. ಈ ಶತಮಾನದ ಮೊದಲ ದಶಕದಲ್ಲಿ ಪರಿಷತ್ತು ಇದೇ ವಿಶ್ವವಿದ್ಯಾನಿಲಯದೊಡನೆ ಕೂಡಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಶುಶ್ರೂಷಾಶಾಸ್ತ್ರದ ಡಾಕ್ಟರೇಟ್ ಸಂಶೋಧನೆಗಾಗಿ ರಾಷ್ಟ್ರೀಯ ಒಕ್ಕೂಟವೊಂದನ್ನು ಏರ್ಪಡಿಸಿತು. ಪರಿಚಾರಕಪಾದವು ತನ್ನ ಜ್ಞಾನವನ್ನು ತಾನೇ ಬರೆದಿಡಲು ಹೀಗೆ ಅವಕಾಶವಾಯಿತು.

ಇದರ ಪ್ರಯೋಜನವು ರಾಜಧಾನಿಯಲ್ಲಿಯೇ ನಿಲ್ಲತಕ್ಕುದಲ್ಲ. ಚಿತ್ರದುರ್ಗ ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿರುವುದೂ, ಅದು ಎಲುಬುಕೀಲುಗಳನ್ನು ಬಿಗಿಯುವುದೂ ಸುವಿದಿತ. ಕೀಲು ಬಿಗಿದ ವೃದ್ಧರನ್ನು ಮನೆಯವರು ಹೇಗೆ ಎತ್ತಿ ಕೂರಿಸಬೇಕು, ಯಾವ ನೀರನ್ನು ಕುಡಿಸಬೇಕು ಎಂಬುದಕ್ಕೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ದಾದಿಯರು ನಿತ್ಯವೂ ಉತ್ತರ ಹುಡುಕಬೇಕಾಗುತ್ತದೆ. ಅವರ ಅನುಭವವು ಲಿಖಿತವಾಗಬೇಕಾದರೆ ಬಿಡುವು, ಮಾರ್ಗದರ್ಶಕರು, ಗ್ರಂಥಭಂಡಾರ, ಧನಸಹಾಯ ಇವು ನಾಲ್ಕೂ ಬೇಕು. ಬಳ್ಳಿಗಾವೆಯ ದತ್ತಿಯ ಅಭಿಪ್ರಾಯವು ಆಗ ಪೂರ್ಣವಾಗುವುದು. ಶುಶ್ರೂಷೆಯೂ ತನ್ನ ಮೂಲಾರ್ಥವನ್ನು ಮರಳಿ ಪಡೆಯುವುದು.